ಮೂರರಲ್ಲಿ ಒಂದು ಉಲ್ಟಾ!

ಒಂದು ತ್ರಿಕೋನ ಬರೆಯಿರಿ. ಮೂರೂ ಬದಿ ಸಮವಾಗಿರಲಿ, ಒಂದು ಮೊನೆ ಕೆಳಗಿರಲಿ. ಆ ಮೂರು ಬದಿಗಳು ಗೆರೆಗಳಲ್ಲ, ಮೂರು ಸಿಲಿಂಡರ್‌ಗಳು ಅಂದುಕೊಳ್ಳಿ. ಒಂದೊಂದು ಸಿಲಿಂಡರಿನಲ್ಲೂ ಎರಡೆರಡು ಪಿಸ್ಟನ್, ಒಂದಕ್ಕೊಂದು ಎದುರುಬದುರು. ಮೂರು ಮೂಲೆಗಳಲ್ಲಿ ಮೂರು ಕ್ರ್ಯಾಂಕ್ ಶಾಫ್ಟ್. ಇಂಥ ಆರು ತ್ರಿಕೋನಗಳನ್ನು ಒಂದರ ಹಿಂದೊಂದರಂತೆ ಜೋಡಿಸಿ. 18 ಸಿಲಿಂಡರ್, 36 ಪಿಸ್ಟನ್ ಆಯಿತು. ಎಂಜಿನ್ ತಯಾರಾಯಿತು!

ತಮಾಷೆಯಲ್ಲ, ನಿಜವಾಗಿಯೂ ಇಂಥದೊಂದು ಎಂಜಿನ್ ಇತ್ತು. ಹೆಸರು ನೇಪಿಯರ್ ಡೆಲ್ಟಿಕ್. ಇಂಥ ಎರಡು ಎಂಜಿನ್‌ಗಳನ್ನು ಒಂದೇ ಲೋಕೋದ ಹೊಟ್ಟೆಗೆ ತುಂಬಿ ಬ್ರಿಟಿಷ್ ರೈಲ್ವೆ 1961ರಲ್ಲಿ ಹಳಿಗಿಳಿಸಿತು. ತೂಕ 99 ಟನ್, ಶಕ್ತಿ 3,300 ಅಶ್ವಶಕ್ತಿ, ವೇಗ ಗಂಟೆಗೆ 100 ಮೈಲಿ, ಅಂದರೆ ಸುಮಾರು 160 ಕಿಲೋಮೀಟರ್. ನಮ್ಮಲ್ಲಿ ಕಲ್ಲಿದ್ದಲಿನ ಎಂಜಿನ್ನೇ ಗಾಡಿಯ ಒಡೆಯನಾಗಿದ್ದ ಕಾಲ ಅದು! ಒಟ್ಟು 22 ಲೋಕೋಗಳು, 20 ವರ್ಷಗಳ ಓಟ. ಮುಂದೆ ಇವಕ್ಕೆ ‘ಕ್ಲಾಸ್ 55’ ಎಂಬ ಸರ್ಕಾರಿ ಹೆಸರು ಬಂತು. ರೈಲು ಪ್ರಿಯರ ಬಾಯಲ್ಲಿ ಮಾತ್ರ ಅಂದಿಗೂ ಇಂದಿಗೂ ‘ಡೆಲ್ಟಿಕ್’.

ಮೊದಲು ಆ ಪಿಸ್ಟನ್‌ಗಳ ಆಟ ನೋಡೋಣ, ಬೆರಗು ಶುರುವಾಗುವುದೇ ಅಲ್ಲಿ. ನಮ್ಮ ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಎಂಜಿನ್‌ಗಳಲ್ಲಿ ಸಿಲಿಂಡರಿನ ಒಂದು ತುದಿಗೆ ಪಿಸ್ಟನ್, ಇನ್ನೊಂದು ತುದಿಗೆ ಬಿಗಿದ ಭಾರದ ಮುಚ್ಚಳ. ಮೆಕ್ಯಾನಿಕ್‌ಗಳು ಅದನ್ನೇ ಹೆಡ್ ಅನ್ನುತ್ತಾರೆ. ಅದರಲ್ಲಿ ವಾಲ್ವ್, ವಾಲ್ವ್ ಎತ್ತಿಳಿಸಲು ಕ್ಯಾಮ್, ಸ್ಪ್ರಿಂಗು, ನೂರೆಂಟು ಸಾಮಾನು. ಡೆಲ್ಟಿಕ್‌ನಲ್ಲಿ ಹೆಡ್ಡೇ ಇಲ್ಲ! ವಾಲ್ವೂ ಇಲ್ಲ! ಎರಡು ಪಿಸ್ಟನ್‌ಗಳು ಚಪ್ಪಾಳೆ ತಟ್ಟಲು ಹೊರಟ ಅಂಗೈಗಳಂತೆ ಎದುರುಬದುರು ನುಗ್ಗಿ ಬರುತ್ತವೆ, ಇನ್ನೇನು ತಾಗಬೇಕು ಅನ್ನುವಷ್ಟರಲ್ಲಿ ನಿಲ್ಲುತ್ತವೆ. ನಡುವೆ ಸಿಕ್ಕಿ ಹಿಂಡಿಹೋದ ಗಾಳಿ ಕಾದು ಕೆಂಡವಾಗಿರುತ್ತದೆ. ಅದಕ್ಕೆ ಡೀಸೆಲ್ ಚಿಮ್ಮಿದ ಕೂಡಲೇ ಸ್ಫೋಟ, ಎರಡೂ ಪಿಸ್ಟನ್‌ಗಳು ಹಿಂದಕ್ಕೆ ಚಿಮ್ಮುತ್ತವೆ. ಸಿಲಿಂಡರಿನ ಗೋಡೆಯಲ್ಲೇ ಒಂದು ತುದಿಗೆ ಗಾಳಿ ಬರುವ ಕಂಡಿಗಳಿವೆ, ಇನ್ನೊಂದು ತುದಿಗೆ ಹೊಗೆ ಹೋಗುವ ಕಂಡಿಗಳಿವೆ. ಪಿಸ್ಟನ್ ಹಿಂದೆ ಸರಿದರೆ ಕಂಡಿ ತೆರೆಯಿತು, ಮುಂದೆ ಬಂದರೆ ಮುಚ್ಚಿತು. ಬಾಗಿಲು ಕಾಯುವ ಕೆಲಸವೂ ಪಿಸ್ಟನ್ನಿನದೇ. ಒಂದು ತುದಿಯಿಂದ ಹೊಸ ಗಾಳಿ ನುಗ್ಗುತ್ತ ಇನ್ನೊಂದು ತುದಿಯಿಂದ ಹಳೆಯ ಹೊಗೆಯನ್ನು ತಳ್ಳಿಹಾಕುತ್ತದೆ. ಶಾಫ್ಟಿನ ಪ್ರತಿ ಸುತ್ತಿಗೂ ಪ್ರತಿ ಸಿಲಿಂಡರಿನಲ್ಲೂ ಒಂದು ಸ್ಫೋಟ, ಟೂ-ಸ್ಟ್ರೋಕ್.

ಲೆಕ್ಕ ಹಾಕಿ ನೋಡಿ. ಪೂರ್ಣ ವೇಗದಲ್ಲಿ ಶಾಫ್ಟು ನಿಮಿಷಕ್ಕೆ 1,500 ಸುತ್ತು, ಅಂದರೆ ಸೆಕೆಂಡಿಗೆ 25. ಸಿಲಿಂಡರ್‌ಗಳು 18. ಒಂದು ಎಂಜಿನ್ನಿನಲ್ಲಿ ಸೆಕೆಂಡಿಗೆ 450 ಸ್ಫೋಟ, ಎರಡರಲ್ಲಿ 900! ಅದೇ ಕಾಲದ ಬ್ರಿಟನ್ನಿನ ಇನ್ನೊಂದು ದೊಡ್ಡ ಡೀಸೆಲ್ ಲೋಕೋ, ಡೆಲ್ಟಿಕ್ ಲೋಕೋ ಕಟ್ಟಿದ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯದೇ ಕ್ಲಾಸ್ 40, ಪೂರ್ತಿ ಓಡುವಾಗ ಸೆಕೆಂಡಿಗೆ 113 ಸಲ ಸಿಡಿಯುತ್ತಿತ್ತು. ಡೆಲ್ಟಿಕ್‌ನ ಸ್ಫೋಟಗಳು ಒಟ್ಟೊಟ್ಟಿಗೆ ಬರುವುದೂ ಇಲ್ಲ. ಶಾಫ್ಟು 20 ಡಿಗ್ರಿ ತಿರುಗಿತೋ ಒಂದು, ಮತ್ತೆ 20 ಡಿಗ್ರಿಗೆ ಇನ್ನೊಂದು, ತಪ್ಪದ ತಾಳ. ಹಾಗಾಗಿ ಡೀಸೆಲ್ ಎಂಜಿನ್ನಿಗೆ ಸಹಜವಾದ ಗುಡುಗುಡು ಇಲ್ಲಿ ಕೇಳಿಸುವುದಿಲ್ಲ. ಕೇಳಿಸುವುದು ಒಂದೇ ಸಮನೆ ಏರುವ ಝೇಂಕಾರ. ಎರಡು ಎಂಜಿನ್‌ಗಳ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೆ ಸಾಕು, ಎರಡು ಸ್ವರ ಒಂದರ ಮೇಲೊಂದು ಬಿದ್ದು ಅಲೆಅಲೆಯಾಗಿ ಏರಿಳಿಯುತ್ತವೆ. ಈ ಸದ್ದನ್ನು ಕೇಳುವುದಕ್ಕೆಂದೇ ಊರೂರು ಅಲೆದವರಿದ್ದಾರೆ. ಹುಚ್ಚು ಅನ್ನಿ, ಒಮ್ಮೆ ಧ್ವನಿಮುದ್ರಣ ಕೇಳಿದ ಮೇಲೆ ನಾನಂತೂ ಅವರ ಪಕ್ಷ.

ಸರಿ, ಇಂಥ ವಿಚಿತ್ರ ಯಾರ ತಲೆಗೆ ಹೊಳೆಯಿತು? ರೈಲಿನವರಿಗಂತೂ ಅಲ್ಲ, ನೌಕಾಪಡೆಗೆ!

ಎರಡನೇ ಮಹಾಯುದ್ಧದ ನಟ್ಟನಡುವೆ, 1943ರಲ್ಲಿ, ಬ್ರಿಟನ್ನಿನ ನೌಕಾ ಆಡಳಿತ ತಲೆ ಕೆಡಿಸಿಕೊಂಡು ಕೂತಿತ್ತು. ಅವರ ವೇಗದ ಟಾರ್ಪಿಡೊ ದೋಣಿಗಳಲ್ಲಿದ್ದದ್ದು ಪೆಟ್ರೋಲ್ ಎಂಜಿನ್. ಗುಂಡು ಬಿತ್ತೆಂದರೆ ದೋಣಿಗೆ ದೋಣಿಯೇ ಹೊತ್ತಿ ಉರಿಯುತ್ತಿತ್ತು. ಎದುರಿನ ಜರ್ಮನ್ ದೋಣಿಗಳಲ್ಲಿ ಡೀಸೆಲ್, ಅಷ್ಟು ಸುಲಭಕ್ಕೆ ಬೆಂಕಿ ಹಿಡಿಯುವಂಥದ್ದಲ್ಲ. ಡೀಸೆಲ್ಲೇ ಬೇಕು, ಆದರೆ ಹಗುರವಾಗಿರಬೇಕು, ಪುಟ್ಟದಾಗಿರಬೇಕು, ಶಕ್ತಿ ಮಾತ್ರ ರಾಕ್ಷಸನದಾಗಿರಬೇಕು. ಇದೆಲ್ಲ ಒಂದೇ ಎಂಜಿನ್ನಿನಲ್ಲಿ ಸಿಗುವುದು ಹೇಗೆ?

1946ರಲ್ಲಿ ಕೆಲಸದ ಗುತ್ತಿಗೆ ಹೋದದ್ದು ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಗೆ, ಅಲ್ಲಿಂದ ಅದರ ಕೈಕೆಳಗಿದ್ದ ನೇಪಿಯರ್‌ಗೆ. ನೇಪಿಯರ್‌ನವರಿಗೆ ಎದುರುಬದುರು ಪಿಸ್ಟನ್ನಿನ ವಿದ್ಯೆ ಹೊಸದಲ್ಲ. ಜರ್ಮನಿಯ ಯುಂಕರ್ಸ್ ಕಂಪನಿ ವಿಮಾನಕ್ಕೆಂದು ಮಾಡಿದ್ದ ಯುಮೊ ಡೀಸೆಲ್ ಎಂಜಿನ್ನಿನ ಪರವಾನಗಿಯನ್ನು ಅವರು ಯುದ್ಧಕ್ಕೆ ಮುಂಚೆಯೇ ಪಡೆದಿದ್ದರು. ಅದರಲ್ಲಿ ಪಿಸ್ಟನ್ ಸಾಲಿನ ಮೇಲೊಂದು ಕ್ರ್ಯಾಂಕ್, ಕೆಳಗೊಂದು ಕ್ರ್ಯಾಂಕ್. ಈ ಲೆಕ್ಕದಲ್ಲಿ ಮೂರು ಸಾಲು ಸಿಲಿಂಡರ್ ಬೇಕೆಂದರೆ ಆರು ಕ್ರ್ಯಾಂಕ್ ಬೇಕು. ಆದರೆ ಮೂರು ಸಾಲುಗಳನ್ನು ತ್ರಿಕೋನವಾಗಿ ಮಡಚಿಬಿಟ್ಟರೆ? ಒಂದೊಂದು ಮೂಲೆಯ ಕ್ರ್ಯಾಂಕನ್ನೂ ಅಕ್ಕಪಕ್ಕದ ಎರಡೆರಡು ಸಾಲುಗಳು ಹಂಚಿಕೊಳ್ಳುತ್ತವೆ. ಆರರ ಕೆಲಸಕ್ಕೆ ಮೂರೇ ಸಾಕು!

ಕಾಗದದ ಮೇಲೆ ಎಷ್ಟು ಚೆಂದ! ಆದರೆ ತಿರುಗಿಸಿ ನೋಡಿದರೆ ಲೆಕ್ಕ ಕೂಡುವುದಿಲ್ಲ. ಇಲ್ಲಿ ಸ್ವಲ್ಪ ನಿಧಾನ ಮಾಡೋಣ, ಕಥೆಯ ಜೀವ ಇರುವುದೇ ಇಲ್ಲಿ.

ತ್ರಿಕೋನದ ಒಂದು ಮೂಲೆಯಲ್ಲಿ ನಿಲ್ಲಿ. ಅಲ್ಲಿರುವ ಕ್ರ್ಯಾಂಕಿಗೆ ಎರಡು ಪಿಸ್ಟನ್ ಕಟ್ಟಿವೆ, ಎಡಗಡೆ ಸಿಲಿಂಡರಿನದೊಂದು, ಬಲಗಡೆಯದೊಂದು. ಎರಡು ಸಿಲಿಂಡರ್‌ಗಳ ನಡುವೆ 60 ಡಿಗ್ರಿ ಕೋನ. ಆದ್ದರಿಂದ ಒಂದು ಪಿಸ್ಟನ್ ತನ್ನ ಕೊನೆ ಮುಟ್ಟಿದ ಮೇಲೆ ಕ್ರ್ಯಾಂಕು ಇನ್ನೂ 60 ಡಿಗ್ರಿ ತಿರುಗಬೇಕು, ಆಗಲೇ ಇನ್ನೊಂದು ತನ್ನ ಕೊನೆ ಮುಟ್ಟುವುದು. ಮುಂದಿನ ಮೂಲೆಗೆ ಹೋಗಿ, ಅಲ್ಲೂ 60. ಮೂರನೆಯದರಲ್ಲೂ 60. ಮೂರು ಮೂಲೆ ಸುತ್ತಿ ಹೊರಟ ಜಾಗಕ್ಕೆ ಬಂದರೆ ಒಟ್ಟು 180 ಡಿಗ್ರಿ ವ್ಯತ್ಯಾಸ ಕೂತಿರುತ್ತದೆ! ಅದನ್ನು ಮೂರು ಸಿಲಿಂಡರ್‌ಗಳಿಗೆ ಹಂಚಿದರೆ ತಲಾ 60. ಅಂದರೆ ಎದುರುಬದುರು ಬರಬೇಕಾದ ಎರಡು ಪಿಸ್ಟನ್‌ಗಳಲ್ಲಿ ಒಂದು ಬಂದು, ನಿಂತು, ವಾಪಸು ಹೊರಟೇಬಿಟ್ಟಿರುತ್ತದೆ, ಆಮೇಲೆ ಇನ್ನೊಂದು ಬರುತ್ತದೆ. ಗಾಳಿ ಹಿಂಡುವುದೆಲ್ಲಿಂದ ಬಂತು!

ಈ ಗಂಟು ಬಿಡಿಸಿದವರು ನೌಕಾಪಡೆಯ ಎಂಜಿನಿಯರಿಂಗ್ ಪ್ರಯೋಗಾಲಯದಲ್ಲಿ ನಕ್ಷೆ ಬರೆಯುತ್ತಿದ್ದ ಹರ್ಬರ್ಟ್ ಪೆನ್ವಾರ್ಡನ್. ಅವರು ಕೊಟ್ಟ ಉಪಾಯ ಇಷ್ಟೇ: ಮೂರು ಕ್ರ್ಯಾಂಕುಗಳಲ್ಲಿ ಒಂದನ್ನು ಮಾತ್ರ ಉಲ್ಟಾ ತಿರುಗಿಸಿ.

ಅಷ್ಟೇ!

ಈಗ ಮತ್ತೆ ತ್ರಿಕೋನ ಸುತ್ತಿ ಬನ್ನಿ. ಮೊದಲ ಮೂಲೆಯಲ್ಲಿ 60 ಕೂಡಿತು. ಎರಡನೆಯದರಲ್ಲಿ 60 ಕೂಡಿತು. ಮೂರನೆಯದು ಉಲ್ಟಾ ಸುತ್ತುವುದರಿಂದ ಅಲ್ಲಿ 60 ಕಳೆಯಿತು. ಉಳಿದದ್ದು 60. ಮೂರಕ್ಕೆ ಹಂಚಿ, ತಲಾ 20 ಡಿಗ್ರಿ. ಈ 20 ಡಿಗ್ರಿ ತೊಂದರೆಯೇ ಅಲ್ಲ, ಇಂಥ ಎಂಜಿನ್ನಿಗೆ ಬೇಕಾದದ್ದೇ ಅದು! ಹೊಗೆಯ ಕಂಡಿ ಕಾಯುವ ಪಿಸ್ಟನ್ 20 ಡಿಗ್ರಿ ಮುಂದಿದ್ದರೆ ಹೊಗೆಯ ಬಾಗಿಲು ಮೊದಲು ತೆರೆಯುತ್ತದೆ, ಒತ್ತಡ ಇಳಿಯುತ್ತದೆ, ಆಮೇಲೆ ಗಾಳಿಯ ಬಾಗಿಲು ತೆರೆಯುತ್ತದೆ. ಮುಚ್ಚುವಾಗಲೂ ಹೊಗೆಯದೇ ಮೊದಲು, ಒಳಗೆ ಬಂದ ಹೊಸ ಗಾಳಿ ಸೋರಿಹೋಗುವುದಿಲ್ಲ. ಯಾರೂ ತಿದ್ದಿ ತೀಡದೆ, ಶಾಲೆಯ ಮಕ್ಕಳು ಬರೆಯುವ ಸಮಬಾಹು ತ್ರಿಕೋನದೊಳಗಿಂದಲೇ ಆ ಅಂಕೆ ತಾನಾಗಿ ಉದುರಿತು. ಕಾಗದ ತೆಗೆದುಕೊಂಡು ಈ ಲೆಕ್ಕ ಮಾಡಿ ನೋಡಿದ ದಿನ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ರೇಖಾಗಣಿತಕ್ಕೆ ಎಂಜಿನ್ ಬಗ್ಗೆ ಇಷ್ಟು ಕಾಳಜಿ ಯಾಕೆ, ಹೇಳಿ?

1950ರಲ್ಲಿ ಮೊದಲ ಎಂಜಿನ್ ತಿರುಗಿತು. ಪರೀಕ್ಷೆಗೆ ಬ್ರಿಟಿಷರು ಆರಿಸಿಕೊಂಡ ದೋಣಿಯೂ ಸ್ವಾರಸ್ಯದ್ದು, ಯುದ್ಧದಲ್ಲಿ ವಶಪಡಿಸಿಕೊಂಡ ಜರ್ಮನ್ ದೋಣಿ! ಅದರ ಮೂರು ಮರ್ಸಿಡಿಸ್-ಬೆಂಜ್ ಎಂಜಿನ್‌ಗಳಲ್ಲಿ ಎರಡನ್ನು ಕಿತ್ತು ಡೆಲ್ಟಿಕ್ ಕೂರಿಸಿದರು. ಅಷ್ಟೇ ಶಕ್ತಿ, ಗಾತ್ರ ಮಾತ್ರ ಹೆಚ್ಚುಕಡಿಮೆ ಅರ್ಧ. ಅಲ್ಲಿಂದ ಡೆಲ್ಟಿಕ್ ನೌಕಾಪಡೆಯ ಮುದ್ದಿನ ಕೂಸಾಯಿತು. ಸಮುದ್ರದಲ್ಲಿ ಹುದುಗಿಸಿದ ಸಿಡಿಗುಂಡುಗಳನ್ನು ಹೆಕ್ಕುವ ‘ಟನ್’ ವರ್ಗದ ಹಡಗುಗಳಿದ್ದವಲ್ಲ, ಕಾಂತಕ್ಕೆ ಸಿಗದಿರಲೆಂದು ಮರ ಮತ್ತು ಅಲ್ಯೂಮಿನಿಯಂನಲ್ಲಿ ಕಟ್ಟಿದವು, ಅವುಗಳಲ್ಲಿ ಹಲವಕ್ಕೆ ಡೆಲ್ಟಿಕ್ ಎಂಜಿನ್ ಬಿತ್ತು. ಆ ವರ್ಗದ ನಾಲ್ಕು ಹಡಗುಗಳು 1950ರ ದಶಕದಲ್ಲಿ ಭಾರತದ ನೌಕಾಪಡೆಗೂ ಬಂದವು. ನಾಲ್ಕರಲ್ಲಿ ಒಂದರ ಹೆಸರು ಕಾರವಾರ! ಉಳಿದ ಮೂರು ಕಾಕಿನಾಡ, ಕಣ್ಣಾನೂರು, ಕಡಲೂರು. ಕಾರವಾರದ ಕಡಲಲ್ಲಿ ನೌಕಾನೆಲೆಯ ಕನಸೂ ಹುಟ್ಟದ ಕಾಲದಲ್ಲಿ ಆ ಊರಿನ ಹೆಸರು ಹಡಗಿನ ಮೈಮೇಲೆ ಇತ್ತು.

ಈಗ ರೈಲಿಗೆ ಬರೋಣ. ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯ ಅಧ್ಯಕ್ಷ ಜಾರ್ಜ್ ನೆಲ್ಸನ್ ಅವರಿಗೆ ಒಂದು ಧೈರ್ಯ ಬಂತು. ದೋಣಿಯೊಳಗೆ ಹಿಡಿಸುವ ಎಂಜಿನ್ ಲೋಕೋದೊಳಗೆ ಹಿಡಿಸದೆ ಇರುತ್ತದೆಯೇ? ಬ್ರಿಟನ್ನಿನ ಸುರಂಗಗಳೂ ಸೇತುವೆಗಳೂ ಇಕ್ಕಟ್ಟು, ಅಗಲವಾದ ಎತ್ತರವಾದ ಲೋಕೋ ಅಲ್ಲಿ ನುಗ್ಗುವುದಿಲ್ಲ. ಪುಟ್ಟ ಎಂಜಿನ್ನಿಗೆ ಬೆಲೆ ಇರುವುದು ಅಂಥ ಕಡೆಯೇ. ಯಾರೂ ಕೇಳಿರಲಿಲ್ಲ, ಯಾರೂ ದುಡ್ಡು ಕೊಡಲಿಲ್ಲ, ಕಂಪನಿ ತನ್ನ ಜೇಬಿನಿಂದಲೇ ಖರ್ಚು ಹಾಕಿ ಪ್ರೆಸ್ಟನ್ನಿನ ಕಾರ್ಖಾನೆಯಲ್ಲಿ ಒಂದು ಮಾದರಿ ಲೋಕೋ ಕಟ್ಟಿತು. 1955ರಲ್ಲಿ ಅದು ಹೊರಬಂದಾಗ ಇಂಗ್ಲೆಂಡಿನ ಹಳಿಗಳ ಮೇಲೆ ಅಂಥ ಬಣ್ಣ ಯಾರೂ ಕಂಡಿರಲಿಲ್ಲ. ತಿಳಿನೀಲಿ ಮೈ, ಮೂಗಿನಿಂದ ಪಕ್ಕಕ್ಕೆ ಹರಿದ ಕೆನೆಬಣ್ಣದ ಪಟ್ಟೆಗಳು, ಮಗ್ಗುಲಲ್ಲಿ ದೊಡ್ಡಕ್ಷರದಲ್ಲಿ ‘ಡೆಲ್ಟಿಕ್’. ಒಂದೇ ಪೆಟ್ಟಿಗೆಯ ಡೀಸೆಲ್ ಲೋಕೋಗಳ ಪೈಕಿ ಆ ಹೊತ್ತಿಗೆ ಜಗತ್ತಿನಲ್ಲೇ ಬಲಶಾಲಿ ಎಂದು ಅದು ಹೆಸರಾಯಿತು. ಬ್ರಿಟಿಷ್ ರೈಲ್ವೆ ಅದನ್ನು ಕೊಳ್ಳಲೇ ಇಲ್ಲ, ಆದರೆ ತನ್ನ ಗಾಡಿಗಳನ್ನು ಎಳೆಯಲು ಬಿಟ್ಟಿತು. ಲಂಡನ್ನಿನಿಂದ ಲಿವರ್‌ಪೂಲಿಗೆ, ಆಮೇಲೆ ಪೂರ್ವ ಕರಾವಳಿಯ ಮುಖ್ಯ ಮಾರ್ಗದಲ್ಲಿ.

ಆ ಮಾರ್ಗವನ್ನು ನೋಡಿಕೊಳ್ಳುತ್ತಿದ್ದವರು ಜೆರಾರ್ಡ್ ಫೈನ್ಸ್ ಎಂಬ ಮಹಾಶಯ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಸ್ಕಾಟ್ಲೆಂಡಿನ ಎಡಿನ್‌ಬರಾವರೆಗೆ 632 ಕಿಲೋಮೀಟರ್. ಬ್ರಿಟನ್ನಿನ ಉಗಿಬಂಡಿಗಳ ಹೆಮ್ಮೆಯ ದಾರಿ ಅದು. ಮಲ್ಲಾರ್ಡ್ ಎಂಬ ಎಂಜಿನ್ 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ ಉಗಿಬಂಡಿಗಳ ವಿಶ್ವದಾಖಲೆ ಬರೆದದ್ದು ಇದೇ ಹಾದಿಯ ಇಳಿಜಾರಿನಲ್ಲಿ. ಈ ಮಾರ್ಗವನ್ನು ವಿದ್ಯುದೀಕರಣ ಮಾಡುತ್ತೇವೆ ಎಂದಿದ್ದ ಯೋಜನೆ ಮುಂದಕ್ಕೆ ಹೋಗುತ್ತಲೇ ಇತ್ತು. ಆ ಮಧ್ಯೆ ಕ್ಲಾಸ್ 40 ಡೀಸೆಲ್‌ಗಳನ್ನು ಕಳಿಸಿಕೊಟ್ಟರು. ತೂಕ 133 ಟನ್, ಶಕ್ತಿ 2,000 ಅಶ್ವಶಕ್ತಿ. ಫೈನ್ಸ್ ಅವರಿಗೆ ಇದು ಸುತರಾಂ ಹಿಡಿಸಲಿಲ್ಲ. ಒಳ್ಳೆಯ ಉಗಿಬಂಡಿಗಿಂತ ಇದು ಹೆಚ್ಚೇನು ಮಾಡುತ್ತದೆ ಎಂಬುದು ಅವರ ತಕರಾರು. ತಕರಾರಿನಲ್ಲಿ ತಪ್ಪೇನಿಲ್ಲ, 34 ಟನ್ ಹೆಚ್ಚು ತೂಗಿ 1,300 ಅಶ್ವಶಕ್ತಿ ಕಡಿಮೆ ಕೊಡುವ ಲೋಕೋ ತನ್ನನ್ನು ತಾನು ಎಳೆದುಕೊಂಡು ಹೋಗುವುದಕ್ಕೇ ಅರ್ಧ ದಣಿಯುತ್ತದೆ. ಅವರ ಕಣ್ಣು ಆ ನೀಲಿ ಲೋಕೋದ ಮೇಲೆ ಬಿತ್ತು. 22 ಡೆಲ್ಟಿಕ್ ಕೊಡಿ, 55 ಉಗಿಬಂಡಿಗಳನ್ನು ಮನೆಗೆ ಕಳಿಸುತ್ತೇನೆ ಎಂಬ ಲೆಕ್ಕ ಕೊನೆಗೆ ಗೆದ್ದಿತು. (ಇದೇ ಫೈನ್ಸ್ ಮುಂದೆ ರೈಲ್ವೆಯ ಆಡಳಿತ ಹೇಗಿರುತ್ತದೆಂದು ಮುಚ್ಚುಮರೆ ಇಲ್ಲದೆ ಒಂದು ಪುಸ್ತಕ ಬರೆದು 1967ರಲ್ಲಿ ಕೆಲಸ ಕಳೆದುಕೊಂಡರು. ಇಂಥವರೇ ಇಂಥ ಲೋಕೋ ತರುವುದು.)

22 ಲೋಕೋಗಳು ಹುಟ್ಟಿದ್ದು ನ್ಯೂಟನ್-ಲೆ-ವಿಲ್ಲೋಸ್ ಎಂಬ ಊರಿನ ವಲ್ಕನ್ ಫೌಂಡ್ರಿಯಲ್ಲಿ, 1961-62ರಲ್ಲಿ. ಆ ಕಾರ್ಖಾನೆಯ ಹೆಸರು ಓದಿದೊಡನೆ ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿ ಹುಡುಕಿದೆ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಠಾಣೆಗೆ ಹೊರಟಿತಲ್ಲ, ಭಾರತದ ಮೊದಲ ಪ್ರಯಾಣಿಕರ ರೈಲು, ಅದನ್ನು ಎಳೆದ ಎಂಜಿನ್‌ಗಳನ್ನು ಕಟ್ಟಿ ಕಳಿಸಿದ್ದು ಇದೇ ವಲ್ಕನ್ ಫೌಂಡ್ರಿ! ನೂರು ವರ್ಷಕ್ಕೂ ಹೆಚ್ಚಿನ ಅಂತರದಲ್ಲಿ ಒಂದೇ ಅಂಗಳದಿಂದ ಆ ಪುಟ್ಟ ಉಗಿಬಂಡಿಗಳೂ ಬಂದವು, ಈ ತ್ರಿಕೋನ ಹೊಟ್ಟೆಯ ದೈತ್ಯರೂ ಬಂದವು.

ಹೆಸರಿಡುವ ಸಂಭ್ರಮ ಬೇರೆ. ಲಂಡನ್ನಿನ ಫಿನ್ಸ್‌ಬರಿ ಪಾರ್ಕ್ ಶೆಡ್ಡಿನ ಎಂಟಕ್ಕೆ ಪಂದ್ಯದ ಕುದುರೆಗಳ ಹೆಸರು, ಗೇಟ್ಸ್‌ಹೆಡ್ ಮತ್ತು ಎಡಿನ್‌ಬರಾದ ಹೇಮಾರ್ಕೆಟ್ ಶೆಡ್ಡುಗಳವಕ್ಕೆ ಸೇನೆಯ ರೆಜಿಮೆಂಟುಗಳ ಹೆಸರು. ಉಗಿಬಂಡಿಗಳಿಗೆ ಕುದುರೆಗಳ ಹೆಸರಿಡುವುದು ಆ ಮಾರ್ಗದ ಹಳೆಯ ಪದ್ಧತಿ, ಅದನ್ನು ಬಿಡಲಿಲ್ಲ. ಪಿಂಝಾ, ಕ್ರೆಪೆಲ್ಲೊ, ನಿಂಬಸ್, ಮೆಲ್ಡ್... ಟುಲ್ಯಾರ್ ಎಂಬುದು 1952ರ ಡರ್ಬಿ ಗೆದ್ದ ಕುದುರೆ, ಒಡೆಯರು ಮೂರನೇ ಆಗಾ ಖಾನ್. ನಮಗೆ ಪುಣೆಯ ಅರಮನೆಯಿಂದ ಪರಿಚಿತವಾದ ಆ ಮನೆತನದ ಕುದುರೆ ಇಂಗ್ಲೆಂಡಿನ ಹಳಿಯ ಮೇಲೆ ಹಿತ್ತಾಳೆ ಫಲಕವಾಗಿ ಓಡಿತು.

1962ರ ಜೂನ್. ಬೆಳಿಗ್ಗೆ ಹತ್ತಕ್ಕೆ ಕಿಂಗ್ಸ್ ಕ್ರಾಸಿನಿಂದ ಎಡಿನ್‌ಬರಾಕ್ಕೆ ಗಾಡಿ ಹೊರಡುವ ಸಂಪ್ರದಾಯಕ್ಕೆ ಸರಿಯಾಗಿ ನೂರು ವರ್ಷ. ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಎಂಬ ಆ ಗಾಡಿಯ ಮುಂದೆ ಈಗ ಡೆಲ್ಟಿಕ್. ಪ್ರಯಾಣ ಆರು ಗಂಟೆ! ಉಗಿಬಂಡಿಯ ಕಾಲದಲ್ಲಿ ಎಲ್ಲೂ ನಿಲ್ಲದ ಗಾಡಿಗೆ ಆರೂವರೆ ಗಂಟೆ ಸಾಕಾದದ್ದೇ ದೊಡ್ಡ ಸಾಹಸವಾಗಿತ್ತು, ಅದೂ ವರ್ಷದಲ್ಲಿ ಕೆಲವೇ ತಿಂಗಳು ಓಡುತ್ತಿದ್ದ ವಿಶೇಷ ಗಾಡಿಗೆ. ಡೆಲ್ಟಿಕ್‌ಗೆ ಆರು ಗಂಟೆ ದಿನದ ಕೂಲಿ. ಅದಕ್ಕೆ ಲೋಕೋ ಒಂದೇ ಕಾರಣವಲ್ಲ ಅನ್ನಿ. ಹಳಿ ನೋಡಿಕೊಳ್ಳುವ ಎಂಜಿನಿಯರುಗಳು ತಿರುವುಗಳನ್ನು ಸಡಿಲಿಸಿ, ನೂರು ಮೈಲಿ ವೇಗ ತಾಳುವಂತೆ ಹಾದಿಯನ್ನು ಉದ್ದಕ್ಕೂ ತಿದ್ದಿದರು. ಆ ಬೆವರಿನ ಸುದ್ದಿ ಯಾವ ಪತ್ರಿಕೆಯ ಮುಖಪುಟಕ್ಕೂ ಬರುವುದಿಲ್ಲ. ಉಗಿಯ ದಿನ ಮುಗಿದಿತ್ತು, ವಿಶ್ವದಾಖಲೆಯ ಮಲ್ಲಾರ್ಡ್ ಕೂಡ 1963ರ ಏಪ್ರಿಲ್‌ನಲ್ಲಿ ನಿವೃತ್ತಿಯಾಯಿತು.

ಡೀಸೆಲ್-ಎಲೆಕ್ಟ್ರಿಕ್ ಲೋಕೋ ಹೇಗೆ ಓಡುತ್ತದೆಂದು ಎರಡು ಮಾತು. ಎಂಜಿನ್ ನೇರವಾಗಿ ಚಕ್ರ ತಿರುಗಿಸುವುದಿಲ್ಲ. ಅದು ಜನರೇಟರ್ ತಿರುಗಿಸುತ್ತದೆ, ಆ ವಿದ್ಯುತ್ತು ಆರು ಅಚ್ಚುಗಳಿಗೆ ಕಟ್ಟಿದ ಆರು ಮೋಟಾರುಗಳಿಗೆ ಹೋಗುತ್ತದೆ. ಡೆಲ್ಟಿಕ್‌ನ ಜಾಣತನ ಎಂದರೆ ಎಲ್ಲವೂ ಎರಡೆರಡು. ಒಂದು ಎಂಜಿನ್ ಹಾದಿಯಲ್ಲೇ ಕೈಕೊಟ್ಟರೆ ಇನ್ನೊಂದರ 1,650 ಅಶ್ವಶಕ್ತಿಯಲ್ಲಿ ತುಸು ನಿಧಾನವಾಗಿಯಾದರೂ ಗಾಡಿ ಊರು ಸೇರುತ್ತದೆ. ಕೈಕೊಟ್ಟ ಎಂಜಿನ್ನನ್ನು ಶೆಡ್ಡಿನಲ್ಲೇ ಬಿಚ್ಚಿ ಹರಡಿ ಕೂರುವುದೂ ಇಲ್ಲ. ಇಡಿಯಾಗಿ ಎತ್ತಿ ತೆಗೆದು, ತಯಾರಿಟ್ಟ ಬದಲಿ ಎಂಜಿನ್ ಇಳಿಸಿ, ಲೋಕೋವನ್ನು ಮತ್ತೆ ಓಟಕ್ಕೆ ಕಳಿಸುವುದು. ಇನ್ನೊಂದು ನಗುವ ಸಂಗತಿ ಇದೆ. ಇಷ್ಟೆಲ್ಲ ಆಧುನಿಕವಾದ ಲೋಕೋದೊಳಗೆ ಒಂದು ಉಗಿ ಬಾಯ್ಲರೂ ಇತ್ತು! ಹಿಂದಿನ ಬೋಗಿಗಳು ಹಳೆಯ ಕಾಲದವು, ಚಳಿಗಾಲದಲ್ಲಿ ಉಗಿ ಹಾಯಿಸಿಯೇ ಅವುಗಳನ್ನು ಬೆಚ್ಚಗಿಡಬೇಕಿತ್ತು. ಉಗಿಯನ್ನು ಓಡಿಸಲು ಬಂದವನು ಉಗಿ ಹೊತ್ತು ತಿರುಗಿದ.

ಎಲ್ಲ ಹೊಗಳಿಕೆಯೇ ಆದರೆ ನಂಬಬೇಡಿ. ಡೆಲ್ಟಿಕ್ ಸಾಕುವುದು ದುಬಾರಿ ಬಾಬತ್ತು. 36 ಪಿಸ್ಟನ್, 3 ಕ್ರ್ಯಾಂಕು, ಮೂರನ್ನೂ ಒಂದೇ ತಾಳಕ್ಕೆ ಕಟ್ಟಿಹಾಕುವ ಗಿಯರುಗಳು, ಇವನ್ನೆಲ್ಲ ಬಲ್ಲ ಕೈ ಎಲ್ಲ ಶೆಡ್ಡಿನಲ್ಲೂ ಸಿಗುತ್ತಿರಲಿಲ್ಲ. ಶುರುವಿನ ವರ್ಷಗಳಲ್ಲಿ ದುರಸ್ತಿಯ ಹೊಣೆಯನ್ನೂ ಕಂಪನಿಯೇ ಹೊತ್ತಿತ್ತು. ಹೊಗೆಯಂತೂ ಕೇಳಬೇಡಿ. ನಿಲ್ದಾಣದಲ್ಲಿ ಬಹಳ ಹೊತ್ತು ನಿಂತರೆ ಹೊಗೆ ಕೊಳವೆಯ ಪೆಟ್ಟಿಗೆಗಳಲ್ಲಿ ಎಣ್ಣೆ ಕಟ್ಟುತ್ತಿತ್ತು. ಹೊರಡಲು ಡ್ರೈವರ್ ಶಕ್ತಿ ಕೊಟ್ಟೊಡನೆ ಅದು ಸುಟ್ಟು ನೀಲಿ-ಬಿಳಿ ಮೋಡ ಏಳುತ್ತಿತ್ತು, ಕೆಲವೊಮ್ಮೆ ಮಾಡಿನಿಂದ ಬೆಂಕಿಯ ನಾಲಗೆಯೂ ಚಾಚುತ್ತಿತ್ತು. ಇದೇ ವಂಶದ ಸಣ್ಣ ಎಂಜಿನ್, ಒಂಬತ್ತು ಸಿಲಿಂಡರಿನದು, ಹಾಕಿ ಹತ್ತು ‘ಬೇಬಿ ಡೆಲ್ಟಿಕ್’ ಲೋಕೋಗಳನ್ನೂ ಮಾಡಿದ್ದರು. ಅವು ಸೋತವು, 1970ರ ದಶಕದ ಆರಂಭಕ್ಕೆ ಬಹುತೇಕ ಗುಜರಿ ಸೇರಿದವು. ದೊಡ್ಡವುಗಳ ಮೈಕಟ್ಟು ಬೇರೆ. 1973ರಲ್ಲಿ ಅವುಗಳಲ್ಲೊಂದು 20 ಲಕ್ಷ ಮೈಲಿ ಓಡಿ ಮುಗಿಸಿತು, ಅಂದರೆ 32 ಲಕ್ಷ ಕಿಲೋಮೀಟರ್. ಹುಟ್ಟಿ ಆಗ ಬರೀ 12 ವರ್ಷ!

ನಮ್ಮ ಹುಬ್ಬಳ್ಳಿಯ ಡೀಸೆಲ್ ಶೆಡ್ಡಿನ ಕೆಲಸಗಾರರಿಗೆ ಇದರ ಪಕ್ಕ ಒಂದು ಹೋಲಿಕೆ ಥಟ್ಟನೆ ಹೊಳೆದೀತು. 2001ರಲ್ಲಿ ಅಲ್ಲಿಗೆ ಅಮೆರಿಕದಿಂದ ಬಂದ ಡಬ್ಲ್ಯುಡಿಪಿ-4 ಲೋಕೋಗಳೂ ಪ್ರಯಾಣಿಕರ ಗಾಡಿಗೆಂದೇ ಮಾಡಿದವು, ವೇಗವೂ ಅದೇ ಗಂಟೆಗೆ 160 ಕಿಲೋಮೀಟರ್. ಎಂಜಿನ್ನೂ ಟೂ-ಸ್ಟ್ರೋಕೇ! ಆದರೆ ಅದನ್ನು ಕಟ್ಟಿದ ರೀತಿ ಪೂರ್ತಿ ಬೇರೆ, 16 ಸಿಲಿಂಡರ್, ಒಂದೇ ಕ್ರ್ಯಾಂಕು, ಒಂದೇ ಎಂಜಿನ್ನಿನಿಂದ 4,000 ಅಶ್ವಶಕ್ತಿ. ಸಿಲಿಂಡರುಗಳು ದೊಡ್ಡವು, ಎಂಜಿನ್ ಭಾರ, ಲೋಕೋವೂ ಭಾರ. ಹಾದಿ ಅಗಲವಿರುವ, ಹಳಿ ಭಾರ ತಾಳುವ ದೇಶಕ್ಕೆ ಅಷ್ಟು ಸಣ್ಣದಾಗಿ ಮಡಚುವ ಹಟ ಬೇಕಿಲ್ಲ. ಬಲ ಬೇಕೆಂದರೆ ಹಿಗ್ಗಿಸಬಹುದು. ಇಂಗ್ಲೆಂಡಿನ ಇಕ್ಕಟ್ಟಿಗೆ ಮಡಚದೆ ದಾರಿಯಿರಲಿಲ್ಲ.

ಡೆಲ್ಟಿಕ್‌ಗೆ ಅಂತ್ಯ ತಂದದ್ದು ಇನ್ನೊಂದು ಡೀಸೆಲ್ಲೇ. 1978ರಲ್ಲಿ ಪೂರ್ವ ಕರಾವಳಿಗೆ ಹೈಸ್ಪೀಡ್ ಟ್ರೇನ್ ಬಂತು, ಎರಡು ತುದಿಗೆ ಒಂದೊಂದು ಲೋಕೋ, ಗಂಟೆಗೆ 125 ಮೈಲಿ. ರಾಜಗಾಡಿಗಳೆಲ್ಲ ಅದರ ಪಾಲಾದವು. ಡೆಲ್ಟಿಕ್‌ಗಳು ಯಾರ್ಕ್‌ಗೂ ಹಲ್‌ಗೂ ನಿಂತು ನಿಂತು ಹೋಗುವ ಗಾಡಿಗಳನ್ನು ಎಳೆದವು. 1982ರ ಜನವರಿ 2ರಂದು ವಿದಾಯದ ಓಟ. ಎಡಿನ್‌ಬರಾಕ್ಕೆ ಕೊಂಡೊಯ್ದದ್ದು ಟುಲ್ಯಾರ್, ಲಂಡನ್ನಿಗೆ ವಾಪಸು ತಂದದ್ದು ರಾಯಲ್ ಸ್ಕಾಟ್ಸ್ ಗ್ರೇ. ಚಳಿಯಲ್ಲಿ ನಡುಗುತ್ತ ಹಾದಿಯುದ್ದಕ್ಕೂ ಜನ ನಿಂತಿದ್ದರು, ಕಿಂಗ್ಸ್ ಕ್ರಾಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಡೀಸೆಲ್ ಲೋಕೋ ಒಂದಕ್ಕೆ ಅಷ್ಟು ಮಂದಿ!

ಆ ಹೊತ್ತಿಗೆ ಈ ಎಂಜಿನ್ ಬೇರೆ ಯಾವ್ಯಾವ ವೇಷ ಹಾಕಿತ್ತು ಗೊತ್ತೇ? 1965ರಿಂದ ನ್ಯೂಯಾರ್ಕಿನ ಅಗ್ನಿಶಾಮಕ ದಳದ ‘ಸೂಪರ್ ಪಂಪರ್’ ಎಂಬ ಮಹಾಯಂತ್ರದೊಳಗೆ ಇದ್ದದ್ದು ಒಂದು ಡೆಲ್ಟಿಕ್. ನಿಮಿಷಕ್ಕೆ ಸುಮಾರು 33,000 ಲೀಟರ್ ನೀರು ಎತ್ತಿ ಒಗೆಯುತ್ತಿತ್ತು. ದೋಣಿಗೆ ಬೆಂಕಿ ಹತ್ತದಿರಲೆಂದು ಹುಟ್ಟಿದ ಎಂಜಿನ್, ಕಡಲಾಚೆ ಹೋಗಿ ಊರಿನ ಬೆಂಕಿ ಆರಿಸಿತು.

22ರಲ್ಲಿ ಇಂದು ಆರು ಲೋಕೋಗಳು ಉಳಿದಿವೆ, ಜೊತೆಗೆ ಆ ನೀಲಿ ಮಾದರಿಯೂ. ರೈಲು ಪ್ರಿಯರು ಚಂದಾ ಎತ್ತಿ, ರಜೆಯ ದಿನಗಳಲ್ಲಿ ಕೈ ಕರಿ ಮಾಡಿಕೊಂಡು ಅವನ್ನು ಉಳಿಸಿಕೊಂಡಿದ್ದಾರೆ. ಹಾಗೆ ಉಳಿದವು ಹಬ್ಬದ ದಿನ ಮೆರವಣಿಗೆ ಹೊರಡುವುದಕ್ಕಷ್ಟೇ ಎಂದುಕೊಂಡಿದ್ದರೆ ಕೇಳಿ. 2011ರಲ್ಲಿ ಒಂದು ಸರಕು ಕಂಪನಿಗೆ ಲೋಕೋ ಕಡಿಮೆ ಬಿದ್ದಿತು. ಅವರು ಬಾಡಿಗೆಗೆ ಕರೆತಂದದ್ದು ರಾಯಲ್ ಸ್ಕಾಟ್ಸ್ ಗ್ರೇಯನ್ನು! ಐವತ್ತು ವರ್ಷ ತುಂಬಿದ ಡೆಲ್ಟಿಕ್ ವಿದಾಯದ ಓಟ ಮುಗಿಸಿ 29 ವರ್ಷವಾದ ಮೇಲೆ ಇಂಗ್ಲೆಂಡಿನ ಈಶಾನ್ಯ ತೀರದ ಬ್ಲೈತ್ ಬಂದರಿನಿಂದ ಲೈನ್‌ಮತ್‌ನ ಅಲ್ಯೂಮಿನಿಯಂ ಕಾರ್ಖಾನೆಗೆ ಸರಕು ಗಾಡಿಗಳನ್ನು ಎಳೆಯಿತು. ಕೂಲಿ ತೆಗೆದುಕೊಂಡೇ.